ಸುಟ್ಟ ಕ್ಯಾಪ್ಸಿಕಂ ಹಾಕಿದ ಬಿಸಿ ಚೀಸ್ ಡಿಪ್: ಎಣ್ಣೆ ಬಿಟ್ಟರೆ, ಮರಳಾದರೆ, ನೀರಾದರೆ ಏನು ಮಾಡಬೇಕು

ಡಿಪ್ ಕೆಡುತ್ತಿದೆ ಅನ್ನಿಸಿದ ಕೂಡಲೇ ಒಲೆ ಆರಿಸಿ, ಪಾತ್ರೆ ಕೆಳಗಿಳಿಸಿ. ಬೇರೆ ಯೋಚನೆ ಎಲ್ಲ ಆಮೇಲೆ. ಇಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಚೀಸ್ ಗಂಟು ಗಂಟಾಗಿ ಕಂಡರೆ ಇನ್ನೂ ಕರಗಿಲ್ಲ ಅಂದುಕೊಂಡು ಉರಿ ಜಾಸ್ತಿ ಮಾಡುತ್ತಾರೆ. ಆಗ ಸುಲಭವಾಗಿ ಸರಿಹೋಗುತ್ತಿದ್ದ ಡಿಪ್ ಎರಡೇ ನಿಮಿಷದಲ್ಲಿ ರಬ್ಬರಿನ ಮುದ್ದೆಯಾಗುತ್ತದೆ, ಸುತ್ತ ಎಣ್ಣೆ ನಿಲ್ಲುತ್ತದೆ.

ಒಲೆ ಆರಿಸಿದ ಮೇಲೆ ಒಂದು ವಿಷಯ ನೆನಪು ಮಾಡಿಕೊಳ್ಳಿ. ಇದು ಕೆಟ್ಟದ್ದು ಯಾವಾಗ? ಕ್ಯಾಪ್ಸಿಕಂ ಹಾಕುವ ಮೊದಲೋ, ಹಾಕಿದ ಮೇಲೋ? ಮೊದಲೇ ಕೆಟ್ಟಿದ್ದರೆ ತಪ್ಪು ಕಾವಿನದು, ಇಲ್ಲವೇ ಚೀಸಿನದು. ಹಾಕಿದ ಮೇಲೆ ಕೆಟ್ಟಿದ್ದರೆ ನೀರು ಅಥವಾ ಹುಳಿಯ ಮೇಲೆ ಅನುಮಾನ ಪಡಿ. ಬಡಿಸಿಟ್ಟ ಮೇಲೆ ಕೆಟ್ಟಿದ್ದರೆ ಅದು ಬರೀ ತಣ್ಣಗಾಗಿದೆ, ಅಷ್ಟೆ. ಈ ಒಂದು ಪ್ರಶ್ನೆಯನ್ನು ಬಿಟ್ಟು ನೇರವಾಗಿ ಹಾಲು ಸುರಿಯುವುದು, ಹಿಟ್ಟು ಹಾಕುವುದು ಮಾಡಿದರೆ ಒಂದು ದೋಷದ ಮೇಲೆ ಇನ್ನೊಂದು ಕೂರುತ್ತದೆ.

ಜೊತೆಗೆ ಒಂದು ತಟ್ಟೆ ಪರೀಕ್ಷೆ ಮಾಡಿ. ಒಂದು ಚಮಚ ಡಿಪ್ ಅನ್ನು ತಣ್ಣನೆಯ ಬಿಳಿ ತಟ್ಟೆಗೆ ಹಾಕಿ, ಒಂದು ನಿಮಿಷ ಬಿಡಿ. ಸುತ್ತ ಹಳದಿ ಜಿಡ್ಡಿನ ಉಂಗುರ ಬಂದರೆ ಚೀಸ್ ಒಡೆದಿದೆ. ತಿಳಿ ನೀರು ಅಥವಾ ಕೆಂಪು ನೀರು ಹರಿದರೆ ಅದು ಕ್ಯಾಪ್ಸಿಕಂ ಬಿಟ್ಟ ನೀರು. ಎರಡೂ ಇಲ್ಲದೆ ನಾಲಿಗೆಗೆ ತರಿತರಿಯಾದರೆ ಬೆರಳಲ್ಲಿ ಉಜ್ಜಿ ನೋಡಿ. ಕಾಳು ಹಿಸುಕಿದರೂ ಒಡೆಯದೆ ಗಟ್ಟಿಯಾಗಿದ್ದರೆ ಬಿಗಿದುಕೊಂಡ ಪ್ರೋಟೀನ್. ಸುಲಭವಾಗಿ ಹಿಟ್ಟಿನಂತೆ ಸವರಿಹೋದರೆ ಬೇಯದ ಹಿಟ್ಟು.

ಮುಂದೆ ಹೇಳುವ ಲೆಕ್ಕವೆಲ್ಲ ಈ ಅಳತೆಗೆ: 250 ಗ್ರಾಂ ಚೀಸ್, 200 ಮಿಲಿ ಹಾಲು, ಎರಡು ದೊಡ್ಡ ಕ್ಯಾಪ್ಸಿಕಂ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್.

ಎಣ್ಣೆ ಮೇಲೆ ತೇಲುತ್ತಿದೆ

ಅತಿ ಹೆಚ್ಚು ಕಾಡುವ ದೋಷ ಇದೇ. ಇದನ್ನು ಅರ್ಥ ಮಾಡಿಕೊಂಡರೆ ಉಳಿದವು ಅರ್ಧ ಬಗೆಹರಿದಂತೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಚೀಸ್ ಅಂದರೆ ಪ್ರೋಟೀನಿನ ಒಂದು ಬಲೆ. ಆ ಬಲೆಯ ಕಣ್ಣುಗಳಲ್ಲಿ ಜಿಡ್ಡು ಮತ್ತು ನೀರು ಕೂತಿರುತ್ತವೆ. ಬಲೆಯ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವುದು ಕ್ಯಾಲ್ಸಿಯಂ. ಬಿಸಿ ತಾಗಿದಾಗ ಮೊದಲು ಜಿಡ್ಡು ಕರಗುತ್ತದೆ. ಇನ್ನೂ ಬಿಸಿಯಾದರೆ ಬಲೆ ಸಡಿಲವಾಗಿ ಚೀಸ್ ಹರಿಯುತ್ತದೆ. ಚೆಡ್ಡಾರ್‌ಗೆ ಇದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗುತ್ತದೆ. ಮೆತ್ತನೆಯ ಚೀಸಿಗೆ 55 ಡಿಗ್ರಿ ಸಾಕು. ಪಾರ್ಮೆಸಾನ್‌ನಂಥ ಒಣ ಚೀಸಿಗೆ 80 ದಾಟಬೇಕು. ಅದಕ್ಕೂ ಮೀರಿ ಕಾಯಿಸುತ್ತ ಹೋದರೆ ಎಳೆಗಳು ಮತ್ತೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಳಗಿನ ಜಿಡ್ಡು, ನೀರು ಹೊರಗೆ ಬರುತ್ತವೆ. ನಿಮ್ಮ ಪಾತ್ರೆಯಲ್ಲಿ ತೇಲುತ್ತಿರುವುದು ಆ ಜಿಡ್ಡು.

ಈಗ ಸರಿಮಾಡುವ ಬಗೆ. ಪಾತ್ರೆ ಒಲೆಯಿಂದ ಕೆಳಗಿರಲಿ. ಎರಡು ಮೂರು ನಿಮಿಷ ಕಾವು ಇಳಿಯಲು ಬಿಡಿ. ಬೇರೆ ಬಟ್ಟಲಿನಲ್ಲಿ ಮೂರು ಚಮಚ ಬಿಸಿ ಹಾಲಿಗೆ ಒಂದು ಪ್ರೊಸೆಸ್ಡ್ ಚೀಸ್ ಸ್ಲೈಸ್ ಹರಿದು ಹಾಕಿ, ಪೂರ್ತಿ ಕರಗುವ ತನಕ ಕಲಕಿ. ಆಮೇಲೆ ಒಡೆದ ಡಿಪ್ ಅನ್ನು ಈ ಬಟ್ಟಲಿಗೆ ಒಂದೊಂದೇ ಚಮಚ ಹಾಕುತ್ತ ವಿಸ್ಕ್‌ನಿಂದ ಜೋರಾಗಿ ಕಲಕಿ. ಸರಿಯಾಗಿದ್ದಕ್ಕೆ ಕೆಟ್ಟದ್ದನ್ನು ಸೇರಿಸಬೇಕು, ಕೆಟ್ಟದ್ದಕ್ಕೆ ಸರಿಯಾದ್ದನ್ನು ಅಲ್ಲ. ಈ ಕ್ರಮ ಮುಖ್ಯ. ಕೈಯಲ್ಲಿ ಹಿಡಿಯುವ ಬ್ಲೆಂಡರ್ ಇದ್ದರೆ ಕೆಲಸ ಇನ್ನೂ ಸುಲಭ. ಆದರೆ ಕ್ಯಾಪ್ಸಿಕಂ ತುಂಡುಗಳು ಆಗಲೇ ಸೇರಿದ್ದರೆ ಮೊದಲು ಜರಡಿಯಲ್ಲಿ ಸೋಸಿ ತೆಗೆದಿಡಿ. ಇಲ್ಲದಿದ್ದರೆ ಅವೂ ರುಬ್ಬಿಹೋಗಿ ಡಿಪ್ ಇನ್ನಷ್ಟು ತೆಳ್ಳಗಾಗುತ್ತದೆ.

ಪ್ರೊಸೆಸ್ಡ್ ಚೀಸ್ ಯಾಕೆ? ಅದರಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ಉಪ್ಪುಗಳು ಇರುತ್ತವೆ. ಕ್ಯಾಲ್ಸಿಯಂ ಬಿಟ್ಟುಹೋದರೆ ಪ್ರೋಟೀನ್ ಎಳೆಗಳು ಬಿಡಿಬಿಡಿಯಾಗಿ ಜಿಡ್ಡಿನ ಹನಿಗಳನ್ನು ಸುತ್ತಿಕೊಳ್ಳುತ್ತವೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಎಮೆಂಟಾಲ್ ಚೀಸಿಗೆ ಸೋಡಿಯಂ ಸಿಟ್ರೇಟ್ ಎಂಬ ಅಂಥದೊಂದು ಉಪ್ಪು ಸೇರಿಸಿ ಮಾಡಿದ್ದು ಇದನ್ನೇ. ಅವರಿಗೆ ಬೇಕಿದ್ದದ್ದು ಬೇಗ ಕೆಡದ ಚೀಸ್. ನಮಗೆ ಅದರಿಂದ ಒಡೆಯದ ಡಿಪ್ ಸಿಕ್ಕಿತು. ಪ್ರೊಸೆಸ್ಡ್ ಚೀಸ್ ಅಂದರೆ ಮೂಗು ಮುರಿಯುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ನಾಲ್ಕರಲ್ಲಿ ಒಂದು ಭಾಗ ಅದನ್ನು ಹಾಕಿ, ಉಳಿದ ಮೂರು ಭಾಗ ಒಳ್ಳೆಯ ರುಚಿಯ ಚೀಸ್ ಹಾಕಿದರೆ ರುಚಿಯೂ ಉಳಿಯುತ್ತದೆ, ನೆಮ್ಮದಿಯೂ ಇರುತ್ತದೆ.

ಪ್ರೊಸೆಸ್ಡ್ ಚೀಸ್ ಬೇಡವೇ ಬೇಡ ಅನ್ನುವವರು ಸೋಡಿಯಂ ಸಿಟ್ರೇಟನ್ನೇ ತರಬಹುದು. ಹಾಲು, ಚೀಸ್ ಎರಡೂ ಸೇರಿದ ತೂಕದಲ್ಲಿ ಶೇ 2ರಷ್ಟು ಸಾಕು. ನಮ್ಮ ಅಳತೆಗೆ ಸುಮಾರು 9 ಗ್ರಾಂ. ಅದು ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ. 6 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಮತ್ತು 8 ಗ್ರಾಂ ಅಡುಗೆ ಸೋಡಾ ತೆಗೆದುಕೊಳ್ಳಿ. ಎರಡನ್ನೂ ನಾಲ್ಕು ಚಮಚ ನೀರಿಗೆ ಹಾಕಿ. ನೊರೆ ಉಕ್ಕಿ ಬರುತ್ತದೆ, ಆದ್ದರಿಂದ ಪಾತ್ರೆ ಎತ್ತರವಾಗಿರಲಿ. ಬಿಸಿ ಮಾಡಿ ನೊರೆ ಪೂರ್ತಿ ನಿಲ್ಲುವ ತನಕ ಕಾಯಿರಿ. ಆಮೇಲೆಯೇ ಹಾಲು ಹಾಕಿ, ನಾಲ್ಕು ಚಮಚ ಹಾಲು ಕಡಿಮೆ ಮಾಡಿ. ನೊರೆ ನಿಲ್ಲುವ ಮೊದಲೇ ಹಾಲು ಸುರಿದರೆ ಉಳಿದಿರುವ ಹುಳಿಗೆ ಹಾಲು ಒಡೆಯುತ್ತದೆ. ಇಲ್ಲಿ ಕಣ್ಣಂದಾಜು ಬೇಡ, ತೂಕ ಮಾಡಿ. ಸೋಡಾ ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ. ಇದು ಹಾಕಿದ ಡಿಪ್‌ಗೆ ಬೇರೆ ಉಪ್ಪು ಹಾಕುವ ಮುಂಚೆ ಖಂಡಿತ ರುಚಿ ನೋಡಿ. ಸಿಟ್ರೇಟಿಗೂ ಉಪ್ಪುಪ್ಪಾದ ರುಚಿ ಇದೆ.

ಮುಂದಿನ ಸಲ ಒಡೆಯದಂತೆ ಮಾಡುವುದು ಇನ್ನೂ ಸುಲಭ. ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಹಾಲನ್ನು ಒಂದು ನಿಮಿಷ ಕುದಿಸಿ, ಉರಿ ಆರಿಸಿ. ಕುದಿ ಪೂರ್ತಿ ನಿಂತ ಮೇಲೆ ತುರಿದ ಚೀಸ್ ಅನ್ನು ಒಂದೊಂದು ಹಿಡಿ ಹಾಕುತ್ತ ಕಲಕಿ. ಒಂದು ಹಿಡಿ ಕರಗಿದ ಮೇಲೆ ಇನ್ನೊಂದು. ಬೆಂದ ಹಿಟ್ಟು ಜಿಡ್ಡು ಮತ್ತು ಪ್ರೋಟೀನ್ ನಡುವೆ ಸೇರಿಕೊಂಡು ಎಳೆಗಳು ಬಿಗಿಯದಂತೆ ತಡೆಯುತ್ತದೆ. ಹಿಟ್ಟು ಹಾಕಿದರೆ ಸಿಟ್ರೇಟ್ ಬೇಡ, ಸಿಟ್ರೇಟ್ ಹಾಕಿದರೆ ಹಿಟ್ಟು ಬೇಡ. ನನಗೆ ಸಿಟ್ರೇಟಿನ ಡಿಪ್ ಹೆಚ್ಚು ಇಷ್ಟ. ಹಿಟ್ಟು ಚೀಸಿನ ರುಚಿಯನ್ನು ಸ್ವಲ್ಪ ಮಂಕು ಮಾಡುತ್ತದೆ. ಆದರೆ ಮೊದಲ ಸಲ ಮಾಡುವವರಿಗೆ ಹಿಟ್ಟೇ ಕೈಹಿಡಿಯುತ್ತದೆ.

ಕ್ಯಾಪ್ಸಿಕಂ ಹಾಕಿದ ಮೇಲೆ ತೆಳ್ಳಗಾಯಿತು

ಡಿಪ್ ಚೆನ್ನಾಗಿಯೇ ಇತ್ತು, ಚಮಚಕ್ಕೆ ಅಂಟುತ್ತಿತ್ತು. ಸುಟ್ಟ ಕ್ಯಾಪ್ಸಿಕಂ ಹಾಕಿ ಹತ್ತು ನಿಮಿಷ ಆದ ಮೇಲೆ ಸಾರಿನಂತಾಯಿತು. ಈ ದೂರು ಬಂದರೆ ಚೀಸ್ ಕಡೆ ನೋಡಬೇಡಿ.

100 ಗ್ರಾಂ ಹಸಿ ಕ್ಯಾಪ್ಸಿಕಂನಲ್ಲಿ 90 ಗ್ರಾಂಗಿಂತ ಜಾಸ್ತಿ ನೀರೇ ಇರುತ್ತದೆ. ಹಸಿಯಾಗಿದ್ದಾಗ ಆ ನೀರು ಒಳಗೆ ಭದ್ರವಾಗಿರುತ್ತದೆ. ಸುಟ್ಟಾಗ ತಿರುಳು ಮೆತ್ತಗಾಗಿ ನೀರು ಹೊರಗೆ ಬರುತ್ತದೆ. ಮುಚ್ಚಿಟ್ಟು ಹಬೆಯಲ್ಲಿ ಬಿಟ್ಟಾಗ ಇನ್ನಷ್ಟು ಬರುತ್ತದೆ. ಕತ್ತರಿಸಿ ಉಪ್ಪಿರುವ ಬಿಸಿ ಚೀಸಿಗೆ ಹಾಕಿದಾಗ ಉಳಿದದ್ದೂ ಇಳಿಯುತ್ತದೆ. ನೀರು ಬಿಡಲೇಬೇಕು ಅಂತಿದ್ದರೆ ಅದು ಡಿಪ್‌ನಲ್ಲಿ ಬಿಡುವುದು ಬೇಡ, ಮೊದಲೇ ಬಿಡಲಿ.

ಸುಡುವ ಕ್ರಮ ಹೀಗಿರಲಿ. ದಪ್ಪ ತಿರುಳಿನ, ಗಟ್ಟಿಯಾದ ಕಾಯಿ ಆರಿಸಿ. ಗ್ಯಾಸ್ ಉರಿಯ ಮೇಲೆ ನೇರವಾಗಿ ಇಟ್ಟು, ಇಕ್ಕಳದಲ್ಲಿ ತಿರುಗಿಸುತ್ತ ಸಿಪ್ಪೆ ಎಲ್ಲ ಕಡೆ ಕಪ್ಪಾಗುವ ತನಕ ಸುಡಿ. ಓವನ್ ಆದರೆ 220 ಡಿಗ್ರಿಯಲ್ಲಿ ಅರ್ಧ ಗಂಟೆ, ನಡುವೆ ಒಮ್ಮೆ ತಿರುಗಿಸಿ. ಬಿಸಿ ಇದ್ದಾಗಲೇ ಒಂದು ಪಾತ್ರೆಗೆ ಹಾಕಿ ಮುಚ್ಚಿ, 10ರಿಂದ 15 ನಿಮಿಷ ಬಿಡಿ. ಸಿಪ್ಪೆ ತಾನಾಗಿ ಬಿಡುತ್ತದೆ. ತೊಟ್ಟು, ಬೀಜ ತೆಗೆಯಿರಿ. ಕತ್ತರಿಸಿ, ಚಿಟಿಕೆ ಉಪ್ಪು ಉದುರಿಸಿ, ಜರಡಿಯಲ್ಲಿ ಹಾಕಿ ಕೆಳಗೊಂದು ಬಟ್ಟಲು ಇಡಿ. ಹದಿನೈದು ನಿಮಿಷದಲ್ಲಿ ಎಷ್ಟು ರಸ ಇಳಿಯುತ್ತದೆ ಅಂತ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಆಮೇಲೆ ತುಂಡುಗಳನ್ನು ಒಣ ಬಾಣಲೆಯಲ್ಲಿ ಎರಡು ನಿಮಿಷ ಬಾಡಿಸಿ.

ಆ ರಸವನ್ನು ಚೆಲ್ಲಬೇಡಿ. ಸುಟ್ಟ ಪರಿಮಳದ ಬಹುಪಾಲು ಅದರಲ್ಲೇ ಇದೆ. ಸಣ್ಣ ಬಾಣಲೆಯಲ್ಲಿ ಕುದಿಸಿ ಒಂದು ಚಮಚಕ್ಕೆ ಇಳಿಸಿ, ಡಿಪ್‌ಗೆ ಸೇರಿಸಿ. ನೀರು ಹೋಗಿ ರುಚಿ ಉಳಿಯುತ್ತದೆ. ಇದೇ ಕಾರಣಕ್ಕೆ ಸಿಪ್ಪೆ ಸುಲಿಯುವಾಗ ನಲ್ಲಿಯ ಕೆಳಗೆ ಹಿಡಿಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೈಗೆ ಅಂಟಿದ ಕರಿ ತೊಳೆದುಕೊಳ್ಳಿ, ಕಾಯಿಯನ್ನು ತೊಳೆಯಬೇಡಿ.

ಈಗಾಗಲೇ ತೆಳ್ಳಗಾಗಿದ್ದರೆ? ಕುದಿಸಿ ಇಂಗಿಸಲು ಹೋಗಬೇಡಿ, ಎಣ್ಣೆ ಬಿಡುತ್ತದೆ. ಮೊದಲು ತುಂಡುಗಳನ್ನು ಜರಡಿಯಲ್ಲಿ ಸೋಸಿ ತೆಗೆಯಿರಿ. ಒಂದು ಚಿಕ್ಕ ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ತಣ್ಣನೆಯ ಹಾಲಿನಲ್ಲಿ ಕದಡಿ, ಬೇರೆಯಾಗಿ ಕಾಯಿಸಿ ಗಂಜಿಯಂತೆ ಮಾಡಿ. ಈ ಗಂಜಿಯನ್ನು ಡಿಪ್‌ಗೆ ಬೆರೆಸಿ. ಚೀಸ್ ಉಳಿದಿದ್ದರೆ ಇನ್ನೊಂದು ಹಿಡಿ ತುರಿ ಹಾಕಿದರೂ ಆಯಿತು. ಐದು ನಿಮಿಷ ಬಿಟ್ಟು ನೋಡಿ, ಸ್ವಲ್ಪ ತಣ್ಣಗಾದಾಗ ತಾನೇ ಗಟ್ಟಿಯಾಗುತ್ತದೆ. ಬಿಸಿ ಇದ್ದಾಗಲೇ ಬೇಕಾದಷ್ಟು ದಪ್ಪ ಮಾಡಿದರೆ ಬಡಿಸುವ ಹೊತ್ತಿಗೆ ಮುದ್ದೆ ಆಗಿರುತ್ತದೆ.

ಕ್ಯಾಪ್ಸಿಕಂ ರುಬ್ಬಿ ಹಾಕುವವರು ಇನ್ನೊಂದು ಮಾತು ಗಮನಿಸಿ. ರುಬ್ಬಿದಾಗ ನೀರು ಒಂದು ಹನಿಯೂ ಉಳಿಯದೆ ಹೊರಬರುತ್ತದೆ. ಹಾಗಾಗಿ ರುಬ್ಬಿದ್ದನ್ನು ಬಾಣಲೆಯಲ್ಲಿ ಕೆದಕುತ್ತ ಇಂಗಿಸಿ. ಸೌಟು ಎಳೆದರೆ ತಳದಲ್ಲಿ ದಾರಿ ಬಿಡಬೇಕು, ಆ ದಾರಿ ಕೂಡಲೇ ಮುಚ್ಚಬಾರದು. ಅಷ್ಟಾದ ಮೇಲೆ ಹಾಕಿ.

ಹಾಕುವಾಗ ತುಂಡುಗಳು ಬೆಚ್ಚಗಿರಲಿ. ಫ್ರಿಜ್‌ನಿಂದ ತೆಗೆದು ನೇರ ಹಾಕಿದರೆ ಸುತ್ತಲಿನ ಚೀಸ್ ಹೆಪ್ಪುಗಟ್ಟಿ ಗಂಟಾಗುತ್ತದೆ. ಗಂಟು ನೋಡಿ ಮತ್ತೆ ಉರಿ ಏರಿಸುತ್ತೇವೆ, ಆಗ ಒಡೆಯುತ್ತದೆ. ಕೆಟ್ಟದ್ದು ಕ್ಯಾಪ್ಸಿಕಂ ಹಾಕಿದ ಮೇಲೆ, ಆದರೆ ತಟ್ಟೆಯಲ್ಲಿ ನೀರಿನ ಬದಲು ಜಿಡ್ಡಿನ ಉಂಗುರ ಬಂತು ಅಂದರೆ ನಡೆದದ್ದು ಬಹುಶಃ ಇದೇ.

ಮರಳು ಮರಳಾಗಿದೆ

ತುಪ್ಪ ಮರಳು ಮರಳಾಗಿದ್ದರೆ ಚೆಂದ. ಡಿಪ್ ಹಾಗಾದರೆ ಬಾಯಿಗೆ ಹಿತವಿಲ್ಲ.

ಬಾಟಲಿಯಲ್ಲಿ ಬರುವ ಸುಟ್ಟ ಕ್ಯಾಪ್ಸಿಕಂ ಬಳಸಿದ್ದೀರಾ? ಮೊದಲು ಅದನ್ನು ನೋಡಿ. ಒಮ್ಮೆ ನಾನು ಡಿಪ್ ಅನ್ನು ನುಣುಪಾಗಿ ಮಾಡಿಟ್ಟು, ಕೊನೆಗೆ ಬಾಟಲಿಯ ಕಾಯಿಯನ್ನು ರಸದ ಸಮೇತ ಹಾಕಿದೆ. ಕಣ್ಣೆದುರೇ ಸಣ್ಣ ಸಣ್ಣ ಕಾಳು ಕಟ್ಟಿತು. ಉರಿ ಆರಿಸಿ ಹತ್ತು ನಿಮಿಷ ಆಗಿತ್ತು, ಆದ್ದರಿಂದ ಕಾವಿನ ತಪ್ಪಲ್ಲ ಅಂತ ಗೊತ್ತಿತ್ತು. ರಸವನ್ನು ನಾಲಿಗೆಗೆ ಇಟ್ಟಾಗ ತಿಳಿಯಿತು, ಅದು ವಿನೆಗರ್ ಹುಳಿ. ಕೆಡದಿರಲೆಂದು ಆ ರಸಕ್ಕೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಹಾಕಿರುತ್ತಾರೆ. ಹಾಲಿನ ಮುಖ್ಯ ಪ್ರೋಟೀನ್ ಕೇಸೀನ್. ಹುಳಿ ಏರಿ ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 4.6ರ ಹತ್ತಿರ ಬಂದರೆ ಅದು ಮುದ್ದೆಗಟ್ಟುತ್ತದೆ. ಹಾಲು ಬಿಸಿಯಿದ್ದರೆ ಅಷ್ಟು ಹುಳಿಯೂ ಬೇಕಾಗುವುದಿಲ್ಲ. ಅಂದಿನಿಂದ ಬಾಟಲಿಯ ಕಾಯಿಯನ್ನು ಸೋಸಿ, ಎರಡು ಸಲ ನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿಯೇ ಹಾಕುತ್ತೇನೆ. ಮನೆಯಲ್ಲಿ ಸುಟ್ಟದ್ದನ್ನು ತೊಳೆಯಬಾರದು, ಬಾಟಲಿಯದ್ದನ್ನು ತೊಳೆಯಲೇಬೇಕು.

ಹುಳಿಯಿಂದ ಕಾಳು ಕಟ್ಟಿದ್ದನ್ನು ಬ್ಲೆಂಡರ್‌ನಲ್ಲಿ ಒಂದಷ್ಟು ನುಣುಪು ಮಾಡಬಹುದು. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ಮುರಿಯುತ್ತದೆ. ಚಿಟಿಕೆ ಅಂದರೆ ಎರಡು ಬೆರಳ ತುದಿಗೆ ಬಂದಷ್ಟೇ. ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಆದರೆ ತಿನ್ನಲು ಚೆನ್ನಾಗಿರುತ್ತದೆ.

ಎರಡನೆಯ ಕಾರಣ ಚೀಸ್‌ನ ಆಯ್ಕೆ. ತುಂಬಾ ದಿನ ಹಣ್ಣಾದ ಚೀಸ್‌ನಲ್ಲಿ ಪ್ರೋಟೀನ್ ಎಳೆಗಳು ಆಗಲೇ ತುಂಡಾಗಿರುತ್ತವೆ. ಜಿಡ್ಡನ್ನು ಹಿಡಿದಿಡುವ ಶಕ್ತಿ ಅವಕ್ಕೆ ಕಡಿಮೆ. ರುಚಿಗೆ ಅದು ಬೇಕು ಅನ್ನಿಸಿದರೆ 250 ಗ್ರಾಂನಲ್ಲಿ 50 ಗ್ರಾಂ ಹಾಕಿ, ಉಳಿದದ್ದು ಎಳೆಯ ಚೆಡ್ಡಾರ್ ಇರಲಿ. ಹಾಲಿಗೆ ಹುಳಿ ಹಾಕಿ ಒಡೆಸಿ ಮಾಡುವ ಚೀಸ್ ಅಂತೂ ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಕಾಳಾಗಿಯೇ ಉಳಿಯುತ್ತದೆ. ತುರಿದೇ ಬರುವ ಪ್ಯಾಕೆಟ್ ಚೀಸ್‌ಗೆ ಅಂಟಿಕೊಳ್ಳದಿರಲು ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ. ಅದೂ ನಾಲಿಗೆಗೆ ತರಿಯಾಗಿ ಸಿಗುತ್ತದೆ. ಗಟ್ಟಿ ತುಂಡು ತಂದು ನೀವೇ ತುರಿದುಕೊಳ್ಳಿ. ಐದು ನಿಮಿಷದ ಕೆಲಸ, ವ್ಯತ್ಯಾಸ ತುಂಬಾ.

ಹಿಟ್ಟಿನ ತರಿ ಆಗಿದ್ದರೆ ಕಾರಣ ಸರಳ, ಹಿಟ್ಟು ಬೆಂದಿಲ್ಲ. ಮೈದಾ ಬಳಸುವವರು ಬೆಣ್ಣೆಯಲ್ಲಿ ಎರಡು ನಿಮಿಷ ಹುರಿದು ಆಮೇಲೆ ಹಾಲು ಹಾಕಿ.

ಚ್ಯೂಯಿಂಗ್ ಗಮ್‌ನಂತೆ ಎಳೆಯುತ್ತದೆ

ಮೊಝರೆಲ್ಲಾ ಜಾಸ್ತಿಯಾಗಿದೆ. ಪಿಜ್ಜಾಗೆ ಆ ಎಳೆ ಬೇಕು, ಡಿಪ್‌ಗೆ ಬೇಡ. ಮುಂದಿನ ಸಲ ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಈಗ ಮಾಡಿಟ್ಟದ್ದಕ್ಕೆ ಒಂದು ಪ್ರೊಸೆಸ್ಡ್ ಸ್ಲೈಸ್ ಮತ್ತು ಎರಡು ಚಮಚ ಬಿಸಿ ಹಾಲು ಸೇರಿಸಿ ಕಲಕಿ. ಅರ್ಧ ಚಿಕ್ಕ ಚಮಚ ನಿಂಬೆರಸವೂ ಎಳೆಯನ್ನು ಸಡಿಲ ಮಾಡುತ್ತದೆ, ಯಾಕೆಂದರೆ ಅದರ ಸಿಟ್ರಿಕ್ ಆಸಿಡ್ ಕೂಡ ಕ್ಯಾಲ್ಸಿಯಂ ಹಿಡಿಯುತ್ತದೆ. ಬ್ರೆಡ್ ಅದ್ದಿ ತಿನ್ನುವ ಸ್ವಿಸ್ ಚೀಸ್ ಅಡುಗೆ ಫಾಂಡ್ಯೂಗೆ ವೈನ್ ಹಾಕುವುದರಲ್ಲೂ ಇದೇ ಗುಟ್ಟಿದೆ. ಆದರೆ ಅರ್ಧ ಚಮಚ ದಾಟಿದರೆ ಮೇಲೆ ಹೇಳಿದ ಮರಳು ಶುರುವಾಗುತ್ತದೆ.

ರುಚಿಯ ದೋಷಗಳು

ಕಹಿ ಬಂದರೆ ಎರಡು ಕಡೆ ನೋಡಿ. ಕರಕಲು ಸಿಪ್ಪೆ ಜಾಸ್ತಿ ಉಳಿದಿರಬಹುದು. ಅಲ್ಲಲ್ಲಿ ಒಂದೆರಡು ಚುಕ್ಕೆ ಇದ್ದರೆ ಪರಿಮಳ, ಹೊರೆ ಇದ್ದರೆ ಕಹಿ. ಅಥವಾ ನೀವು ಬಳಸಿದ್ದು ಹಸಿರು ಕ್ಯಾಪ್ಸಿಕಂ. ಅದು ಬಲಿತಿದ್ದರೂ ಹಣ್ಣಾಗದ ಕಾಯಿ, ಸಿಹಿ ಕಡಿಮೆ. ಕೆಂಪು ಕಾಯಿ ಗಿಡದಲ್ಲೇ ಹಣ್ಣಾದದ್ದು, ಸಿಹಿ ಇರುತ್ತದೆ. ಈ ಡಿಪ್‌ಗೆ ನನ್ನ ಆಯ್ಕೆ ಯಾವಾಗಲೂ ಕೆಂಪು.

ಸಿಪ್ಪೆ ಬಾಯಿಗೆ ಪ್ಲಾಸ್ಟಿಕ್‌ನಂತೆ ಸಿಕ್ಕಿದರೆ ಸುಟ್ಟದ್ದು ಸಾಲದು, ಅಥವಾ ಮುಚ್ಚಿಟ್ಟ ಸಮಯ ಸಾಲದು.

ಖಾರದ ಮೆಣಸಿನಕಾಯಿ ಸೇರಿಸುವವರು ತಾಳ್ಮೆ ಇಟ್ಟುಕೊಳ್ಳಿ. ಖಾರ ಕೊಡುವ ಕ್ಯಾಪ್ಸೈಸಿನ್ ಜಿಡ್ಡಿನಲ್ಲಿ ಕರಗುತ್ತದೆ. ಹಾಕಿದ ತಕ್ಷಣ ಖಾರ ಸಾಲದು ಅನ್ನಿಸುತ್ತದೆ. ಹತ್ತು ನಿಮಿಷದಲ್ಲಿ ಡಿಪ್ ತುಂಬಾ ಹರಡಿರುತ್ತದೆ. ಕಾದು ರುಚಿ ನೋಡಿ, ಆಮೇಲೆ ಇನ್ನಷ್ಟು ಹಾಕಿ. ಜಾಸ್ತಿ ಆಗಿಹೋಗಿದ್ದರೆ ನೀರು ಉಪಯೋಗವಿಲ್ಲ, ಕ್ರೀಮ್ ಅಥವಾ ಚೀಸ್ ಸೇರಿಸಿ. ಖಾರದ ಮೂಲ ಬೀಜವಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳು. ಅದನ್ನು ಕೆರೆದು ತೆಗೆದರೆ ಖಾರ ಬಹಳಷ್ಟು ಇಳಿಯುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ಕೈ ಕಣ್ಣಿಗೆ ಹೋಗುವುದು ಬೇಡ.

ತಳ ಹಿಡಿದು ಸೀದ ವಾಸನೆ ಬಂದರೆ ಸೌಟು ತಳಕ್ಕೆ ತಾಗಿಸಬೇಡಿ. ಕೆರೆಯದೆ, ಮೇಲಿನದನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ. ಬಗ್ಗಿಸಿದ್ದಕ್ಕೂ ಸೀದ ರುಚಿ ಬಂದಿದ್ದರೆ ಅದನ್ನು ಮರೆಮಾಚಲು ಯಾವ ಮಸಾಲೆಯೂ ಸಾಲದು. ಅದೊಂದು ದೋಷಕ್ಕೆ ಮಾತ್ರ ಪರಿಹಾರವಿಲ್ಲ. ತೆಳು ತಳದ ಪಾತ್ರೆ ಬಿಟ್ಟು ದಪ್ಪ ತಳದ್ದು ಬಳಸಿ. ಅಥವಾ ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲು ಇಟ್ಟು ಕರಗಿಸಿ.

ಬಡಿಸಿಟ್ಟ ಮೇಲೆ

ಮೇಲೆ ಪದರ ಕಟ್ಟಿದರೆ ಗಾಬರಿ ಬೇಡ. ಮೇಲ್ಮೈ ಒಣಗಿದೆ, ಅಷ್ಟೆ. ಒಂದು ಚಮಚ ಬಿಸಿ ಹಾಲು ಹಾಕಿ ಕಲಕಿ. ಊಟದ ಮೇಜಿನ ಮೇಲೆ ಮುಚ್ಚಳ ಮುಚ್ಚಿಡಿ, ಬಿಸಿ ನೀರಿನ ಬಟ್ಟಲಲ್ಲಿ ಕೂರಿಸಿ. 60 ಡಿಗ್ರಿಗಿಂತ ಮೇಲಿದ್ದರೆ ಡಿಪ್ ಹರಿಯುವಂತೆಯೂ ಇರುತ್ತದೆ, ಕೆಡುವ ಭಯವೂ ಇಲ್ಲ. ಬಿಸಿ ಇಲ್ಲದೆ ಹೊರಗಿಟ್ಟರೆ ಎರಡು ಗಂಟೆ ಮೀರಬಾರದು. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಫ್ರಿಜ್‌ನಿಂದ ತೆಗೆದಾಗ ಕಲ್ಲಿನಂತಿರುತ್ತದೆ. ಅದು ದೋಷವಲ್ಲ, ಜಿಡ್ಡು ಹೆಪ್ಪುಗಟ್ಟಿದೆ. ಆದರೆ ಮತ್ತೆ ಕಾಯಿಸುವಾಗಲೇ ಹೆಚ್ಚಿನ ಡಿಪ್‌ಗಳು ಒಡೆಯುವುದು. ಮೈಕ್ರೋವೇವ್ ಅಂಚನ್ನು ಕುದಿಸುತ್ತದೆ, ನಡುವೆ ತಣ್ಣಗೇ ಇರುತ್ತದೆ. ಅರ್ಧ ಪವರ್ ಇಟ್ಟು 30 ಸೆಕೆಂಡ್ ಬಿಸಿ ಮಾಡಿ, ತೆಗೆದು ಕಲಕಿ, ಮತ್ತೆ 30 ಸೆಕೆಂಡ್. ಒಲೆಯಾದರೆ ಮೊದಲು ಪಾತ್ರೆಯಲ್ಲಿ ಎರಡು ಚಮಚ ಹಾಲು ಬಿಸಿಯಾಗಲಿ, ಆಮೇಲೆ ಡಿಪ್ ಅನ್ನು ಚೂರು ಚೂರಾಗಿ ಹಾಕಿ, ಸಣ್ಣ ಉರಿಯಲ್ಲಿ ಬಿಡದೆ ಕಲಕಿ. ಅಂಚಿನಲ್ಲಿ ಮೊದಲ ಗುಳ್ಳೆ ಎದ್ದಾಗ ಒಲೆ ಆರಿಸಿ. ಉಳಿದ ಚೂರುಗಳು ಆ ಬಿಸಿಗೇ ಕರಗುತ್ತವೆ.